ಎಡಗೈ ಎಸೆತ

“ಎಂಬತ್ತಾರು,” ಎಂದರು ಬರ್ನಾರ್ಡ್, ವೇಗ ಅಳೆಯುವ ಗನ್ನನ್ನು ಇಳಿಸುತ್ತ. ನಮಿತಾ ಪುಸ್ತಕದಲ್ಲಿ ಮಗಳ ಹೆಸರಿನ ಮುಂದೆ ಅಷ್ಟನ್ನೇ ಬರೆದಳು. ಇನ್ನೆರಡು ಸೇರಿಸೋಣವೆಂದು ಕೈ ತುಡಿಯಿತು, ಸೇರಿಸಲಿಲ್ಲ.

ಕಸರಾನಿಯ ಮೈದಾನದಲ್ಲಿ ಶನಿವಾರದ ಆಫ್ರಿಕನ್ ಬಿಸಿಲು ಏರುತ್ತಿತ್ತು. ಮಂಗಳೂರು ಕಡೆಯ ಬರ್ನಾರ್ಡ್ ಲಂಗಾಟಾದಲ್ಲಿ ಬೇಸ್‌ಬಾಲ್ ಕ್ಲಬ್ಬೊಂದನ್ನು ನಡೆಸುತ್ತಿದ್ದರು. ಹುಡುಗ ಹುಡುಗಿಯರು ಸೇರಿ ಆಡುವ ಲೀಗಿಗೆ ಸೋಮವಾರ ಡ್ರಾಫ್ಟ್. ನಾಲ್ಕು ಕ್ಲಬ್ಬುಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುತ್ತವೆ. ಬರ್ನಾರ್ಡರಿಗೆ ಬೇಕಿದ್ದುದು ಚೆಂಡೆಸೆಯುವ ಪಿಚರ್, ಅದೂ ಒಬ್ಬರೇ. ನಮಿತಾಳ ಮಗಳು, ಹದಿನೈದರ ಪ್ರಗತಿ, ಅದಕ್ಕಾಗಿ ವರ್ಷವಿಡೀ ಸೌತ್ ಬಿ ಬಡಾವಣೆಯ ಮನೆಯ ಕಾಂಪೌಂಡಿಗೆ ಚೆಂಡೆಸೆದು ಗೋಡೆಯ ಗಾರೆ ಉದುರಿಸಿದ್ದಳು.

ಮುಂದಿನವನು ಕಮಾವು. ಗನ್ನು ಎಂಬತ್ತೆರಡು ತೋರಿಸಿತು. ಆದರೂ ಬರ್ನಾರ್ಡರ ಮುಖ ಅರಳಿತು.

“ಇವನೊಬ್ಬ ಸಿಕ್ಕಿದ್ರೆ ಸಾಕು ಮಾರಾಯ್ರೆ.”

“ನಮ್ಮ ಪ್ರಗತಿಗಿಂತ ನಾಲ್ಕು ಕಮ್ಮಿ ಇದ್ಯಲ್ಲ?”

“ಎಡಗೈ ನೋಡಿ! ಚೆಂಡು ಬರುವ ದಿಕ್ಕೇ ಬೇರೆ, ಹೊಡೆಯುವವನಿಗೆ ಅಂದಾಜೇ ಸಿಗ್ಲಿಕ್ಕಿಲ್ಲ. ಬಲಗೈಯವರು ಬೇಕಾದಷ್ಟು ಉಂಟು. ನಿಮ್ಮ ಮಗಳು ಎಡಗೈಯವಳಾಗಿದ್ರೆ ನಾನು ಬೇರೆಯವರನ್ನು ನೋಡ್ತಲೇ ಇರ್ಲಿಲ್ಲ.”

ನಮಿತಾಳ ಪೆನ್ನು ನಿಂತಿತು. 2004ರಲ್ಲಿ ಮೈಸೂರಿನ ಮನೆಯಲ್ಲಿ ಮೂರು ವರ್ಷದ ಪ್ರಗತಿ ಅನ್ನಕ್ಕೆ ಎಡಗೈ ಹಾಕುತ್ತಿದ್ದಳು, ಪ್ರಸಾದಕ್ಕೂ ಅದನ್ನೇ ಚಾಚುತ್ತಿದ್ದಳು. ಬಂದವರ ಮುಂದೆ ನಮಿತಾಳಿಗೆ ನಾಚಿಕೆ. ಆ ಪುಟ್ಟ ಬೆರಳುಗಳಿಗೆ ಹಾಗಲಕಾಯಿ ರಸ ಸವರಿದಳು. ಊಟದ ಹೊತ್ತಿಗೆ ಕರವಸ್ತ್ರದಲ್ಲಿ ಕೈ ಕಟ್ಟಿದಳು. ಒಂದು ತಿಂಗಳು ಅತ್ತ ಮಗು ಆಮೇಲೆ ಬಲಗೈ ಕಲಿತಿತು. ಎಷ್ಟು ಬೇಗ ಕಲಿತಳು ಎಂದು ನಮಿತಾ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದಳು.

“ಅವಳು ಹುಟ್ಟಿದ್ದು ಎಡಗೈಯವಳಾಗೇ,” ಎಂದಳು ಮೆಲ್ಲಗೆ. “ನಾನೇ ಬಿಡಿಸ್ದೆ.”

“ಹೌದಾ? ಮೊದ್ಲೇ ಹೇಳುವುದಲ್ವಾ!” ಬರ್ನಾರ್ಡ್ ಚಪ್ಪಾಳೆ ತಟ್ಟಿ ಪ್ರಗತಿಯನ್ನು ಕರೆದು ಎಡಗೈಯಲ್ಲಿ ಎಸೆಯಲು ಹೇಳಿದರು.

“ಲೆಫ್ಟ್ ಹ್ಯಾಂಡಾ? ಆರ್ ಯು ಸೀರಿಯಸ್, ಅಂಕಲ್?”

ಕಮಾವು ತನ್ನ ಗ್ಲೌಸನ್ನು ಅವಳ ಬಲಗೈಗೆ ಹಾಕಿದ. ಮೊದಲ ಚೆಂಡು ಅರ್ಧದಾರಿಯಲ್ಲೇ ಬಿತ್ತು. ಎರಡನೆಯದು ಪೊದೆಗೆ ಹೋಯಿತು. “ಪೋಲೆ!” ಎಂದು ಕಮಾವು ಸ್ವಾಹಿಲಿಯಲ್ಲಿ ನಗುತ್ತಲೇ ಸಂತಾಪ ಸೂಚಿಸಿದ. ಪ್ರಗತಿಯೂ ನಕ್ಕಳು. ಮೂರನೆಯ ಸಲ ಮಾತ್ರ ತೋಳು ತಾನಾಗಿಯೇ ಮೇಲೆದ್ದು, ಬಳುಕಿ, ಸುತ್ತಿ ಬಂತು. ಚೆಂಡು ಗುರಿ ತಪ್ಪಿತು. ಆದರೆ ಯಾರೂ ನಗಲಿಲ್ಲ. ಗನ್ನನ್ನು ಎತ್ತಲು ಹೋದ ಬರ್ನಾರ್ಡ್ ಹಾಗೇ ಇಳಿಸಿದರು.

“ಸಣ್ಣದಿರುವಾಗ್ಲಿಂದ ಎಸೆದಿದ್ರೆ...” ಎಂದವರು ನಮಿತಾಳ ಮುಖ ನೋಡಿ ನಿಲ್ಲಿಸಿದರು. “ಇರ್ಲಿ. ಬರುವ ವರ್ಷ ನೋಡುವ. ಈಗ ಆ ಹುಡುಗನ ಹೆಸರಿನ ಅಡಿಗೆ ಗೆರೆ ಎಳೆಯಿರಿ.”

ನಮಿತಾ ಕಮಾವುವಿನ ಹೆಸರಿನ ಕೆಳಗೆ ನೆಟ್ಟಗೆ ಗೆರೆ ಎಳೆದಳು.

ಮನೆಗೆ ಮರಳುವ ಮಟಾಟು ವ್ಯಾನಿನಲ್ಲಿ ಹಾಡಿನ ಅಬ್ಬರ. ಪ್ರಗತಿ ಕಿವಿಯ ಹತ್ತಿರ ಬಂದು ಕೇಳಿದಳು: “ಅಮ್ಮ, ವಾಸ್ ಐ ರಿಯಲಿ ಎ ಲೆಫ್ಟೀ?”

“ಹೂಂ ಪುಟ್ಟಿ. ನಂಗೆ ಗೊತ್ತಾಗ್ಲಿಲ್ಲ.”

ಪ್ರಗತಿ ತನ್ನ ಎಡ ಅಂಗೈಯನ್ನು ಬಿಡಿಸಿ ನೋಡಿಕೊಂಡಳು, ಯಾರದೋ ಕೈ ಎಂಬಂತೆ.

ಮನೆಯಲ್ಲಿ ಮಧ್ಯಾಹ್ನಕ್ಕೆ ಸಾರನ್ನ. ತಟ್ಟೆ ಇಡುವಾಗ ನಮಿತಾ ನೀರಿನ ಲೋಟವನ್ನು ಎಡಕ್ಕಿಟ್ಟಳು, ಚಮಚವನ್ನೂ ಎಡಕ್ಕೇ ಇಟ್ಟಳು. ಪ್ರಗತಿ ಫೋನು ನೋಡುತ್ತಲೇ ಚಮಚವನ್ನು ಬಲಕ್ಕೆ ಸರಿಸಿಕೊಂಡು ಉಣ್ಣತೊಡಗಿದಳು.

ಮೇಜಿನ ಮೇಲೆ ಮಣ್ಣು ಹತ್ತಿದ ಚೆಂಡಿತ್ತು. ಪ್ರಗತಿಗೇ ತಿಳಿಯದೆ ಅವಳ ಎಡಗೈ ಅದರ ಮೇಲೆ ಹೋಗಿ ಕೂತಿತು. ಬೆರಳುಗಳು ಕೆಂಪು ಹೊಲಿಗೆಯನ್ನು ತಡವುತ್ತ, ಹುಡುಕುತ್ತ, ಚೆಂಡನ್ನು ಮೆಲ್ಲನೆ ತಿರುಗಿಸುತ್ತಿದ್ದವು. ನಮಿತಾ ಸಾರಿನ ಸೌಟು ಹಿಡಿದು, ಬಡಿಸುವುದನ್ನು ಮರೆತು ನಿಂತಿದ್ದಳು.