ಮುಚ್ಚಿದ ಬಾವಿ

"ಮುಟ್ಟರಿ ಭೀಮಕ್ಕ, ನಿಮ್ಮದೊಂದ ಉಳದೈತಿ," ಎಂದು ಮಧುಕರ ಭಂಡಾರದ ಅರಿಸಿನಪುಡಿ ತುಂಬಿದ ತಟ್ಟೆಯನ್ನು ಮುಂದೆ ಹಿಡಿದ.

ಬೆಳಗಾವಿಯ ಮಹಾಂತೇಶ ನಗರದಲ್ಲಿ ಅವನ ಇನ್ನೊಂದು ಮನೆ. ಪಂಚಾಯ್ತಿ ಅಧ್ಯಕ್ಷೆ ಸುಲಭಾಬಾಯಿಯನ್ನು ಇಳಿಸಲೆಂದು ಉಪಾಧ್ಯಕ್ಷನಾದ ಅವನು ಭೀಮಕ್ಕ ಸೇರಿ ತನ್ನ ಕಡೆಯ ಸದಸ್ಯರನ್ನೆಲ್ಲ ಖಾನಾಪುರದ ಕಡೆಯ ಊರಿನಿಂದ ಟೆಂಪೋದಲ್ಲಿ ತಂದು ಅಲ್ಲಿ ಇಟ್ಟುಕೊಂಡಿದ್ದ. ಬೆಳಗಾದರೆ ಅವಿಶ್ವಾಸದ ಸಭೆ. ಯಲ್ಲಮ್ಮನ ಭಂಡಾರದ ಮೇಲೆ ಆಣೆ ಮಾಡಿದವರು ತಪ್ಪಲಾರರೆಂಬ ಧೈರ್ಯ ಅವನಿಗೆ.

"ಬಾವಿ ಮುಚ್ಚೂಣು ಅಂತ ಠರಾವು ಆದಾಗ ನಾನೂ ಹೆಬ್ಬಟ್ಟು ಒತ್ತೇನಲ್ಲರಿ," ಎಂದಳು ಭೀಮಕ್ಕ. "ನೀವೂ ಸಹಿ ಮಾಡೀರಿ. ಆ ನೀರು ಕುಡದು ಕೇರ್ಯಾಗ ವಾಂತಿಭೇದಿ ಎದ್ದಿತ್ತು. ಸುಲಭಾಬಾಯಿ ಒಬ್ಬಾಕಿದ ಏನ ತಪ್ಪು?"

"ಈಗ ಅದನ್ನ ಯಾರ ಕೇಳ್ತಾರ? ಬಾವಿ ಮುಚ್ಚಿದ್ದಕ್ಕ ನಿಮ್ಮ ಸೊಸಿ ನೀರ ತರಾಕ ಹೊಳಿಗೆ ಹೋದಳು, ಹೊಳಿ ಪಾಲಾದಳು. ಅಧ್ಯಕ್ಷೀನ್ನ ಇಳಸ್ರಿ ಅಂತ ಊರಿಗೂರ ಒದರಾಕತ್ತೈತಿ. ಆರಿಸಿ ತಂದ ಜನಾನ ಬ್ಯಾಡ ಅಂದ ಮ್ಯಾಲ ಮುಗೀತು."

"ಊರು ಅಳಾಕತ್ತೈತಿ, ಅತ್ತಿ ಕಾಯ್ದೆ ಹೇಳಾಕತ್ತಾಳ," ಎಂದು ಸದಸ್ಯ ಬಾಳಪ್ಪ ಮೂಲೆಯಿಂದ ಚುಚ್ಚಿದ.

ಸೊಸೆ ಪೂನಮಳ ಹೆಣವನ್ನು ದಡಕ್ಕೆ ಎಳೆದಾಗ ಅವಳ ಕೂದಲಿಗೆ ಸುತ್ತಿಕೊಂಡಿದ್ದ ಜೊಂಡು ಬಿಡಿಸಿದವಳು ಭೀಮಕ್ಕನೇ. ಆದರೂ ಎಲ್ಲರೂ ಸೇರಿ ಮಾಡಿದ್ದಕ್ಕೆ ಒಬ್ಬಳನ್ನು ಇಳಿಸಲು ಅವಳಿಗೆ ಮನಸ್ಸಿರಲಿಲ್ಲ. ಕಣ್ಣೆದುರಿಗೆ ಬಂದ ದೇವಿಯನ್ನು ಬೇಡವೆನ್ನುವ ನಾಲಿಗೆಯೂ ಅವಳದಲ್ಲ. ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ "ಉಧೋ" ಎಂದು ದೇವಿಗೆ ಜಯಕಾರ ಹೇಳಿದಳು. ಆಣೆ ಮಾಡುವವರು ಭಂಡಾರವನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಬಿಟ್ಟು ಮಾತು ಕೊಡಬೇಕು. ಹಣೆಗೆ ಹಚ್ಚಿಕೊಳ್ಳುವುದು ಬರೀ ಭಕ್ತಿ. ಮಧುಕರನಿಗೆ ಅಷ್ಟು ತಿಳಿಯದು. "ಆತು, ಎಲ್ಲಾರದೂ ಆತು," ಎಂದು ತಟ್ಟೆಯನ್ನು ಒಳಗೆ ಕಳಿಸಿದ. ಭೀಮಕ್ಕ ತಿದ್ದಲಿಲ್ಲ.

ಮರುದಿನ ಊರಿನ ಪಂಚಾಯ್ತಿ ಕಚೇರಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಮಗ ಯಲ್ಲೇಶ ಭೀಮಕ್ಕನನ್ನು ಬಾಗಿಲಲ್ಲಿ ತಡೆದು, "ಯವ್ವಾ, ಪೂನಮನ ಸಲುವಾಗಿ," ಎಂದಷ್ಟೇ ಹೇಳಿದ. ಒಳಗೆ ಸುಲಭಾಬಾಯಿ ತಲೆ ತಗ್ಗಿಸಿ ಕುಳಿತಿದ್ದಳು. ಇಳಿಸಬೇಕೆನ್ನುವವರು ಕೈ ಎತ್ತಿ ಎಂದ, ಬೆಳಗಾವಿಯಿಂದ ಬಂದ ಅಧಿಕಾರಿ. ಕೈಗಳು ಎದ್ದವು. ಕಿಟಕಿಯ ಸರಳಿಗೆ ಜೋತುಬಿದ್ದ ಜನ "ಎತ್ತ ಭೀಮಕ್ಕಾ, ಎತ್ತ!" ಎಂದು ಒದರಿದರು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿದುಕೊಂಡಳು. ಒಂದು ಕೈ ಕಡಿಮೆಯಾಗಿ ಗೊತ್ತುವಳಿ ಬಿದ್ದುಹೋಯಿತು.

"ಭಂಡಾರ ಮುಟ್ಟಿ ತಪ್ಪಿದಳ್ರೋ!" ಎಂದು ಮಧುಕರ ಹೊರಗೆ ಬಂದು ಕೂಗಿದ.

"ಹಣಿಗೆ ಹಚ್ಚಕೊಂಡೇನಿ, ಮಾತ ಕೊಟ್ಟಿಲ್ಲ," ಎಂದಳು ಭೀಮಕ್ಕ. ಆ ಗದ್ದಲದಲ್ಲಿ ಯಾರ ಕಿವಿಗೂ ಅದು ಬೀಳಲಿಲ್ಲ.

ಯಲ್ಲೇಶ ಅವಳ ಮುಖ ನೋಡಲಿಲ್ಲ. "ಆಕಿ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ ಆಗಿದ್ದರ ಕೈ ಎತ್ತತಿದ್ದಿ," ಎಂದು ಹೊರಟುಹೋದ.

ಸಂಜೆ ಮನೆಯಲ್ಲಿ ಹನಿ ನೀರಿರಲಿಲ್ಲ. ಭೀಮಕ್ಕ ಕೊಡ ಹಿಡಿದು ಹೊಳೆಗೆ ಇಳಿದಳು. ನೀರು ತುಂಬುತ್ತಿದ್ದ ನೆರೆಮನೆಯ ಕಾಶವ್ವ ಅವಳನ್ನು ಕಂಡು ಕೊಡ ಎತ್ತಿಕೊಂಡಳು. ಉಳಿದ ಹೆಂಗಸರೂ ಅರೆತುಂಬಿದ ಕೊಡಗಳನ್ನೇ ಬಗಲಿಗೇರಿಸಿ, ಒಬ್ಬೊಬ್ಬರಾಗಿ ದಿಣ್ಣೆ ಹತ್ತಿದರು. ತುಂಬಿದ ಕೊಡ ತಲೆಗೇರಬೇಕಾದರೆ ಇನ್ನೊಬ್ಬರು ಕೈ ಹಚ್ಚಬೇಕು. ಅದನ್ನು ಮೊಣಕಾಲಿಗೆ ಆನಿಸಿಕೊಂಡು ಭೀಮಕ್ಕ ನೀರಿನಲ್ಲೇ ನಿಂತು ದಿಣ್ಣೆಯ ಕಡೆ ನೋಡುತ್ತಿದ್ದಳು.