ಯಾರೂ ಕೂತಿಲ್ಲದಾಗ ಭರ್ರೆನ್ನುವ ಕಂಪ್ಯೂಟರ್

ತಿಲಕ್ ನಗರದ ಯಲ್ಲಯ್ಯ ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಎಂಜಿನ್ ಸದ್ದು ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತಿದ್ದರು. ಹಾಗಾಗಿ ಮನೆಯ ಕಂಪ್ಯೂಟರಿಗೆ ಏನೋ ಆಗಿದೆ ಎಂದು ಮೊದಲು ಅನಿಸಿದ್ದೂ ಅವರಿಗೇ.

ಕಂಪ್ಯೂಟರ್ ಸೊಸೆ ಲತಾಮಣಿಯದು, ಸೆಕೆಂಡ್ ಹ್ಯಾಂಡ್ ಮಾಲು. ಇತ್ತೀಚೆಗೆ ಹಾಕಿಕೊಂಡಿದ್ದ ಒಂದು ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಅವಳು ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮಾಡುತ್ತಿದ್ದಳು. ಈಗ ಕೈಯಲ್ಲಿದ್ದದ್ದು ಬುದ್ಧ ಪೂರ್ಣಿಮೆಗೆ ವಿಹಾರದವರು ಹಂಚುವ ಎಂಬತ್ತು ಪುಟದ ಪುಸ್ತಕ. ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ಕಂಪ್ಯೂಟರ್ ಕೈಕೊಟ್ಟರೆ ಈ ಪುಸ್ತಕವೂ ಹೋಯಿತು, ಮುಂದೆ ಕೆಲಸ ಕೊಡುವವರೂ ಹೋದರು.

"ಲತಾ, ನೀನು ಅಡುಗೆಮನೆಗೆ ಹೋದ್ರೆ ಸಾಕು, ಅದು ಭರ್ ಅಂತ ಶುರು ಮಾಡ್ತದೆ. ನ್ಯೂಟ್ರಲ್‌ನಲ್ಲಿ ನಿಂತಿರೋ ಗಾಡಿ ಹಂಗೆ ಹೊಡ್ಕೊಳಲ್ಲ ಕಣಮ್ಮ," ಎಂದರು ಯಲ್ಲಯ್ಯ.

ಲತಾಮಣಿ ಬಂದು ಮೌಸ್ ಮುಟ್ಟಿದಳು. ಸ್ವಲ್ಪ ಹೊತ್ತಿಗೆ ಸದ್ದಡಗಿತು. "ನೋಡಿ ಮಾವ, ಸರಿಯಾಗೇ ಇದೆ."

ನಾಲ್ಕು ದಿನ ಇದೇ ನಡೆಯಿತು. ಅವರು ಕರೆಯುವುದು, ಅವಳು ಬರುವುದು, ಅದು ಸಾಧುವಾಗಿ ಕೂರುವುದು. ಮಾವನ ಕಿವಿಗೆ ವಯಸ್ಸಾಯಿತು ಎಂದು ಲತಾಮಣಿ ಮನಸ್ಸಿನಲ್ಲೇ ಅಂದುಕೊಂಡಳು. ಯಲ್ಲಯ್ಯನವರಿಗೆ ಅದು ಅರ್ಥವಾಗಿ ಬೇಜಾರೂ ಆಯಿತು.

ಬುಧವಾರ ಮಧ್ಯಾಹ್ನ ಅವಳು ಊಟಕ್ಕೆ ಎದ್ದಿದ್ದಾಗ ಕಂಪ್ಯೂಟರ್ ತಾನಾಗಿಯೇ ಆಫ್ ಆಯಿತು. ಮುಟ್ಟಿದರೆ ಒಲೆಯಿಂದಿಳಿಸಿದ ಪಾತ್ರೆಯ ಹಾಗೆ ಬಿಸಿ. ಬೆಳಗಿನಿಂದ ಟೈಪ್ ಮಾಡಿದ್ದರಲ್ಲಿ ಮೂರು ಪುಟ ಹೋಗಿತ್ತು.

"ಆ ಪುಕ್ಕಟೆ ಸಾಫ್ಟ್‌ವೇರ್ ಹಾಕ್ಕೊಂಡ್ಯಲ್ಲ, ಅದ್ರದ್ದೇ ಕೆಲಸ. ಒಳಗೆ ಕಳ್ಳ ಕೂತವ್ನೆ. ಕಿತ್ತು ಬಿಸಾಕು," ಎಂದರು ಯಲ್ಲಯ್ಯ.

"ಕಿತ್ರೆ ಪುಸ್ತಕ ಮುಗಿಸೋದು ಹೆಂಗೆ ಮಾವ?" ಅವಳ ಕಣ್ಣು ತುಂಬಿತ್ತು.

ಮೇಲಿನ ಮನೆಯ ಇಂದ್ರಾಣಿ ಜಯನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಸಂಜೆ ವಿಷಯ ಕೇಳಿ ಅವರೇ ಇಳಿದು ಬಂದು, ಆ ಟೈಪಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ತೆರೆದು ನೋಡಿದರು.

"ಅಂಕಲ್, ನಿಮ್ಮ ಕಿವಿ ಸರಿಯಾಗೇ ಇದೆ," ಎಂದರು. "ಯಾರೂ ಕೆಲಸ ಮಾಡ್ದೆ ಇರೋವಾಗ ಇದು ಕ್ರಿಪ್ಟೋ ಮೈನಿಂಗ್ ಮಾಡ್ತಿದೆ."

"ಅಂದ್ರೆ?"

"ಇಂಟರ್ನೆಟ್ಟಲ್ಲಿ ಓಡಾಡೋ ಒಂಥರಾ ದುಡ್ಡು. ಅದರ ಲೆಕ್ಕಾಚಾರಕ್ಕೆ ಕಂಪ್ಯೂಟರ್ ದುಡಿಬೇಕು. ದುಡಿದಿದ್ದಕ್ಕೆ ಚೂರು ಪಾರು ಸಿಗತ್ತೆ. ಅದು ಈ ಸಾಫ್ಟ್‌ವೇರ್ ಮಾಡಿದವರಿಗೆ ಹೋಗತ್ತೆ. ಪುಕ್ಕಟೆ ಕೊಡ್ತಾರಲ್ಲ, ಅವರ ಖರ್ಚೂ ನಡೀಬೇಕು."

"ಗಾಡಿ ನಮ್ದು, ಡೀಸೆಲ್ಲೂ ನಮ್ದು. ಒಂದು ಮಾತು ಕೇಳ್ಬಾರ್ದಾ ಮೇಡಂ?"

"ಕೇಳಿದ್ದಾರೆ ಅಂಕಲ್. ಕನ್ನಡದಲ್ಲೇ ಕೇಳಿದ್ದಾರೆ." ಇಂದ್ರಾಣಿ ಪರದೆಯ ಮೇಲಿದ್ದ ಸಾಲನ್ನು ಓದಿದರು: ನೀವು ಬಳಸದ ಸಮಯದಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಮೈನಿಂಗ್ ನಡೆಸಿ ನಮಗೆ ನೆರವಾಗುವಿರಾ? ಇದು ಕಡ್ಡಾಯವಲ್ಲ. ಪಕ್ಕದ ಚೌಕದಲ್ಲಿ ಟಿಕ್ ಇತ್ತು.

ಲತಾಮಣಿ ತಲೆ ತಗ್ಗಿಸಿದಳು. ಮದುವೆಗೆ ಮುಂಚೆ ಅವಳು ಸರ್ಕಾರಿ ಕಚೇರಿಯೊಂದರ ಎದುರು ಕೂತು ಜನರ ಅರ್ಜಿ ತುಂಬಿಕೊಡುತ್ತಿದ್ದಳು. ಒಂದು ಚೌಕ ಖಾಲಿ ಬಿಟ್ಟರೂ ಗುಮಾಸ್ತರು ಅರ್ಜಿ ವಾಪಸ್ ಎಸೆಯುತ್ತಿದ್ದರು. ಆ ಭಯ ಕೈಗೆ ಹತ್ತಿಬಿಟ್ಟಿತ್ತು. ಈ ಸಾಫ್ಟ್‌ವೇರ್ ಹಾಕಿಕೊಳ್ಳುವಾಗಲೂ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿದ್ದಳು, ಓದಿರಲಿಲ್ಲ.

"ಅವ್ರನ್ನ ಕಳ್ಳ ಅಂದ್ಬಿಟ್ನಲ್ಲ," ಎಂದರು ಯಲ್ಲಯ್ಯ, ಸ್ವಲ್ಪ ನಾಚಿಕೊಂಡು.

"ಹೇಳದೆ ಕೇಳದೆ ಮಾಡೋ ಕಳ್ಳರೂ ಇದ್ದಾರೆ. ಅಂಥದ್ದು ಸಿಕ್ರೆ ಮುಲಾಜಿಲ್ದೆ ಕಿತ್ತಾಕಿ. ಇವರು ಕೇಳಿದ್ದಾರೆ. ಒಪ್ಪೋದೂ ಬಿಡೋದೂ ನಮ್ಮಿಷ್ಟ. ಆದ್ರೆ ಈ ಹಳೇ ಕಂಪ್ಯೂಟರ್ ಅಷ್ಟು ಬಿಸಿ ತಡಿಯಲ್ಲ, ಕರೆಂಟೂ ಸುಮ್ನೆ ಖರ್ಚು. ಅವರಿಗೆ ಸಿಗೋದು ಮಾತ್ರ ತುಂಬಾ ಕಮ್ಮಿ."

ಲತಾಮಣಿ ಟಿಕ್ ತೆಗೆದಳು. ಸಾಫ್ಟ್‌ವೇರ್ ಇದ್ದಲ್ಲೇ ಇತ್ತು, ಪುಸ್ತಕವೂ ಉಳಿಯಿತು. ಹೋದ ಮೂರು ಪುಟಗಳನ್ನು ಯಲ್ಲಯ್ಯ ಕೈಬರಹದ ಪ್ರತಿಯಿಂದ ಓದಿ ಹೇಳಿದರು, ಅವಳು ಮತ್ತೆ ಟೈಪ್ ಮಾಡಿದಳು. ಶುಕ್ರವಾರ ಪುಸ್ತಕ ಪ್ರೆಸ್ಸಿಗೆ ಹೋಯಿತು. ಕೂಲಿ ಕೈಗೆ ಬಂದ ದಿನ "ಆ ಸಾಫ್ಟ್‌ವೇರ್ ಮಾಡ್ದೋರಿಗೂ ಏನಾದ್ರೂ ಕಳ್ಸು, ಅನ್ನ ಕೊಡೋ ಸಾಮಾನು," ಎಂದವರು ಯಲ್ಲಯ್ಯನವರೇ. ಲತಾಮಣಿ ನೂರು ರೂಪಾಯಿ ದೇಣಿಗೆ ಕಳಿಸಿದಳು. ಜೊತೆಗೆ ಆ ಸಾಫ್ಟ್‌ವೇರಿಗೆ ಗೊತ್ತಿರದ ನಲವತ್ತು ಕನ್ನಡ ಪದಗಳನ್ನೂ ಬರೆದು ಕಳಿಸಿದಳು.

ಓದುಗರೇ, ನಿಮ್ಮ ಮನೆಯಲ್ಲೂ ಹಾಗೇ ಬಿಟ್ಟ ಕಂಪ್ಯೂಟರ್ ಸದ್ದು ಮಾಡುತ್ತಿದ್ದರೆ, ಬಿಸಿಯಾಗುತ್ತಿದ್ದರೆ, ಇಂದೇ ಸೆಟ್ಟಿಂಗ್ಸ್ ತೆರೆದು ನೋಡಿ. ತಿಳಿಯದಿದ್ದರೆ ತಿಳಿದವರನ್ನು ಕರೆಯಿರಿ. ಉಚಿತವಾಗಿ ಕೊಡುವವರಿಗೆ ನೆರವಾಗಬೇಕು ಅನ್ನಿಸಿದರೆ ಖಂಡಿತ ಆಗಿ, ಆದರೆ ಗೊತ್ತಿದ್ದು ಆಗಿ. ಹೊಸದೇನನ್ನಾದರೂ ಹಾಕಿಕೊಳ್ಳುವಾಗ ಪ್ರತಿ ಚೌಕದ ಪಕ್ಕದ ಸಾಲನ್ನು ಓದಿ. ಬೇಡವೆನಿಸಿದ್ದನ್ನು ಖಾಲಿ ಬಿಡಿ. ಇಲ್ಲಿ ನಿಮ್ಮ ಅರ್ಜಿಯನ್ನು ಯಾರೂ ವಾಪಸ್ ಎಸೆಯುವುದಿಲ್ಲ.