ಹತ್ತನೇ ಪಾಲಿನ ನೀರು

ಜನವರಿಯ ಒಣಬಿಸಿಲು. ಕಿಲಿಮಂಜಾರೋದ ಇಳಿಜಾರಿನಲ್ಲಿ ಕಾಲುವೆಯ ಹೂಳೆತ್ತುವ ಕೆಲಸ ಬೆಳಗಿನಿಂದಲೇ ನಡೆದಿತ್ತು. ಗುದ್ದಲಿ ಹಿಡಿದವರ ನಡುವೆ ಎಲಿನಾಮಿ ತಾತನೂ ಇದ್ದ. ಮೂವತ್ತು ವರ್ಷ ತೂಬು ಕಾದು, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ನೆರಳು ನೋಡಿ ಹೇಳುತ್ತಿದ್ದವನು ಈಗ ಎಲ್ಲರಂತೆ ಕೆಸರು ಹೊರುತ್ತಿದ್ದ.

ಅವನಿಗೆ ಆ ಗತಿ ತಂದವಳು ಐಕಾಂಡೆ. ಮೋಶಿ ಪಟ್ಟಣದಲ್ಲಿ ಕಂಪ್ಯೂಟರ್ ಓದಿ ಬಂದ ಅವಳೇ ತೂಬಿಗೆ ಮೋಟಾರು ಕೂಡಿಸಿ, ಹೊತ್ತು ಎಣಿಸಿ ತಾನೇ ಮುಚ್ಚಿಕೊಳ್ಳುವಂತೆ ಪ್ರೋಗ್ರಾಂ ಬರೆದಿದ್ದಳು. ಮೊದಲು ಅದು ಅರ್ಧರ್ಧ ಗಂಟೆ ಕೂಡಿಸುತ್ತಿತ್ತು. ಒಂದಾದೊಡನೆ ತೂಬು ಮುಚ್ಚುತ್ತಿತ್ತು. ಚಿಕ್ಕ ಹೊಲದವರು ನಮಗೆ ಅಷ್ಟು ನೀರು ಬೇಡ ಎಂದಾಗ ಗಂಟೆಯ ಹತ್ತನೇ ಪಾಲಿನಲ್ಲಿ ಎಣಿಸುವಂತೆ ತಿದ್ದಿದಳು. ಪರೀಕ್ಷಿಸಿ ನೋಡಲಿಲ್ಲ. ಮರುದಿನ ಬೆಳಿಗ್ಗೆ ಒಂದು ಗಂಟೆ ಹೊತ್ತು ಹರಿಯಲೆಂದು ಬಿಟ್ಟ ನೀರು ಮಧ್ಯಾಹ್ನದವರೆಗೂ ಹರಿದು ಮಾಮಾ ಉಪೆಂಡೊ ಎಂಬಾಕೆಯ ಬೀನ್ಸ್ ಸಾಲುಗಳನ್ನು ಬುಡಸಮೇತ ಕೊಚ್ಚಿಕೊಂಡು ಹೋಯಿತು. ಊರವರು ಸೇರಿದಾಗ ಐಕಾಂಡೆ, ಮಷಿನ್ನಿನ ಲೆಕ್ಕ ತಪ್ಪುವುದಿಲ್ಲ, ತೂಬು ಎಲ್ಲೋ ಸಿಕ್ಕಿಕೊಂಡಿರಬೇಕು, ಕಾವಲಿದ್ದ ತಾತ ನಿದ್ದೆ ಹೋಗಿ ಅದನ್ನು ನೋಡಿಲ್ಲ ಎಂದಿದ್ದಳು. ಏನೇ ಆದರೂ ಕೈ ಹಾಕಬೇಡ ಎಂದು ಅವನಿಗೆ ತಾನೇ ತಾಕೀತು ಮಾಡಿದ್ದನ್ನು ಮಾತ್ರ ಹೇಳಲಿಲ್ಲ. ಊರವರು ತಾತನನ್ನು ತೂಬಿನ ಕಾವಲಿನಿಂದ ತೆಗೆದು ಕೈಗೆ ಗುದ್ದಲಿ ಕೊಟ್ಟಿದ್ದರು.

ನಿನ್ನೆ ಸಂಜೆ ಆ ದಿನದ ಲೆಕ್ಕವನ್ನು ತೆರೆಯ ಮೇಲೆ ತರಿಸಿ ನೋಡಿದಳು. ಹತ್ತನೇ ಪಾಲನ್ನು ಹತ್ತು ಸಲ ಕೂಡಿಸಿದರೂ ಯಂತ್ರದೊಳಗೆ ಒಂದಾಗಿರಲಿಲ್ಲ, ಕೂದಲೆಳೆಯಷ್ಟು ಕಡಿಮೆ. ಸರಿಯಾಗಿ ಒಂದಾದರೆ ಮುಚ್ಚು ಎಂದು ಬರೆದವಳು ಅವಳೇ. ಆಗದ ಒಂದನ್ನು ದಾಟಿ ಎಣಿಕೆ ಮುಂದೆ ಓಡಿತ್ತು. ಅರ್ಧವನ್ನು ಆ ಯಂತ್ರ ಚೊಕ್ಕವಾಗಿ ಹಿಡಿಯುತ್ತದೆ, ಹತ್ತನೇ ಪಾಲನ್ನು ಹಿಡಿಯಲಾರದು. ಮೊದಲ ವರ್ಷದ ಪಾಠ ಅದು. ಅವಳ ಕಿವಿಯವರೆಗೂ ಮುಖ ಉರಿಯಿತು.

ಬೆಳಿಗ್ಗೆ ಬೇಲಿಯ ಇಸಾಲೆ ಗಿಡದಿಂದ ಒಂದು ಎಲೆ ಕಿತ್ತುಕೊಂಡು ಬಂದಳು. ತಪ್ಪು ಮಾಡಿದವರು ಕ್ಷಮೆ ಕೇಳಿ ಆ ಎಲೆ ಚಾಚಿದರೆ ಎಂಥ ಹಗೆಯವನೂ ಬೇಡ ಎನ್ನುವಂತಿಲ್ಲ, ಅದು ಅಲ್ಲಿಯ ಕಟ್ಟಳೆ. ಅದನ್ನೇ ನೆಚ್ಚಿಕೊಂಡು, ತಾತ ನೀರು ಕುಡಿಯಲು ಬಾಳೆಗಳ ಮರೆಗೆ ಹೋದಾಗ ಹಿಂದೆಯೇ ಹೋಗಿ, ನಡೆದದ್ದನ್ನೆಲ್ಲ ಪಿಸುದನಿಯಲ್ಲಿ ಹೇಳಿ ಎಲೆ ಚಾಚಿದಳು.

"ಹತ್ತು ಪಾಲು ಕೂಡಿಸಿದ್ರೆ ಒಂದಾಗಲ್ವಾ?" ಎಂದ ತಾತ.

"ಅದರೊಳಗೆ ಆಗಲ್ಲ ತಾತ. ನಂಗೆ ಗೊತ್ತಿರಬೇಕಿತ್ತು."

"ನನ್ನ ಆಡು ಕೂಡ ಹೊಟ್ಟೆ ತುಂಬಿದ್ರೆ ಬಾಯಿ ಮುಚ್ಚುತ್ತೆ ಕಣೇ. ಸರಿಯಾಗಿ ತುಂಬ್ತಾ, ಒಂದು ಚೂರು ಜಾಸ್ತಿ ತುಂಬ್ತಾ ಅಂತ ಲೆಕ್ಕ ಹಾಕ್ತಾ ಕೂರಲ್ಲ."

ಐಕಾಂಡೆಗೆ ನಗಲೂ ಆಗಲಿಲ್ಲ. ತಾತ ಕೈ ಮುಂದೆ ಮಾಡಲಿಲ್ಲ.

"ನಿದ್ದೆ ಹೋದ ಅಂತ ಈ ಬಾಳೆ ಮರೇಲಿ ಅಂದ್ಯಾ ಮಗಳೇ? ಎಲೆ ಬೇಡ ಅನ್ನೋ ಹಾಗಿಲ್ಲ, ಗೊತ್ತು. ಅಲ್ಲಿ ಎಲ್ರ ಮುಂದೆ ಕೊಡು, ತಗೋತೀನಿ."

ಅವನು ಮತ್ತೆ ಕಾಲುವೆಗೆ ಇಳಿದ. ಅವಳು ದಡದ ಮೇಲೆ ಬಂದು ನಿಂತಳು. ಮಾಮಾ ಉಪೆಂಡೊ ಸೊಂಟ ನೆಟ್ಟಗೆ ಮಾಡಿ ಎಲೆಯನ್ನೂ ಅವಳ ಮುಖವನ್ನೂ ನೋಡಿದಳು. ಗುದ್ದಲಿಗಳು ಒಂದೊಂದಾಗಿ ನಿಂತವು.

"ಅವತ್ತು ತಾತ ನಿದ್ದೆ ಹೋಗಿರ್ಲಿಲ್ಲ." ಎಲೆಯನ್ನು ತಾತನತ್ತ ಚಾಚಿದಳು. "ತಪ್ಪು ಬರೆದವಳು ನಾನು. ಮುಟ್ಬೇಡ ಅಂತ ಅವರಿಗೆ ಹೇಳಿದವಳೂ ನಾನೇ."

ತಾತ ಕೆಸರುಗೈಯನ್ನು ಅಂಗಿಗೆ ಒರೆಸಿಕೊಂಡು ಎಲೆ ತೆಗೆದುಕೊಂಡ. ಮಾಮಾ ಉಪೆಂಡೊ ಮಾತ್ರ, ಹಾಗಾದರೆ ತನ್ನ ಬೀನ್ಸಿಗೆ ಯಾವ ಎಲೆ ಎಂದು ಮೆಲ್ಲಗೆ ಕೇಳಿದಳು.

ಐಕಾಂಡೆ ತಂದದ್ದು ಒಂದೇ ಎಲೆ.